ಕಾಯಿಲೆ ಮೆದುಳಲ್ಲಿತ್ತು, ನೆನಪು ಹಾಗೇ ಉಳಿದಿತ್ತು

(ಇದು ಒಂದು ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಆವತ್ತು ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅದಕ್ಕೇ ಕೆಲವು ಕಡೆ ಮಾತನ್ನು ಬಿಡಿಸಿ ಬರೆದಿದ್ದೇನೆ.)

ನಮಸ್ಕಾರ. ಮೊದಲು ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಅವರು ಅಮೆರಿಕದ ಒಬ್ಬ ಕ್ರೈಸ್ತ ಸನ್ಯಾಸಿನಿ. 101 ವರ್ಷ ಬದುಕಿದ್ದರು. ಆ ವಯಸ್ಸಲ್ಲೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದಿದ್ದರು. ಸತ್ತ ಮೇಲೆ ಮೆದುಳನ್ನು ಅಧ್ಯಯನಕ್ಕೆ ಕೊಡುವುದಾಗಿ ಮೊದಲೇ ಒಪ್ಪಿದ್ದರು. ಅದನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಆಲ್‌ಝೈಮರ್ ಕಾಯಿಲೆಯ ಗುರುತುಗಳು ರಾಶಿ ಬಿದ್ದಿದ್ದವು. ಬರೀ ಆ ಗಾಜಿನ ಪಟ್ಟಿ ನೋಡಿದವರು, ಈಕೆಗೆ ತನ್ನ ಕೋಣೆ ಯಾವುದು ಅಂತಲೂ ಗೊತ್ತಾಗುತ್ತಿರಲಿಲ್ಲ ಎಂದೇ ಬರೆದುಬಿಡುತ್ತಿದ್ದರು. ಆದರೆ ಅಜ್ಜಿಗೆ ಎಲ್ಲ ಗೊತ್ತಾಗುತ್ತಿತ್ತು.

ಡೇವಿಡ್ ಸ್ನೋಡನ್ ಎಂಬ ಸಂಶೋಧಕರು 1986ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಬಂದ ಕಥೆ ಇದು. 678 ಸನ್ಯಾಸಿನಿಯರು ಅದರಲ್ಲಿದ್ದರು. ಎಲ್ಲರೂ ಮೆದುಳು ಕೊಡಲು ಒಪ್ಪಿದ್ದರು. ಸನ್ಯಾಸಿನಿಯರೇ ಯಾಕೆ ಅಂತ ನಿಮಗನಿಸಬಹುದು. ಅವರದು ಒಂದೇ ಥರದ ಮನೆ, ಒಂದೇ ಥರದ ಊಟ, ಒಂದೇ ಥರದ ದಿನಚರಿ. ಸಿಗರೇಟಿಲ್ಲ. ಮದುವೆ, ಹೆರಿಗೆ ಇಲ್ಲ. ಇಬ್ಬರ ನಡುವೆ ವ್ಯತ್ಯಾಸ ಕಂಡರೆ ಅದು ಇವುಗಳಿಂದ ಬಂದದ್ದಲ್ಲ ಅಂತ ಸ್ವಲ್ಪ ಧೈರ್ಯವಾಗಿ ಹೇಳಬಹುದು.

ಈಗ ಕಾಯಿಲೆಯ ಬಗ್ಗೆ ನಾಲ್ಕು ಮಾತು. ಜಾಸ್ತಿ ಬೇಡ, ನಿಮ್ಮಲ್ಲಿ ಹಲವರಿಗೆ ಇದು ಗೊತ್ತೇ ಇರುತ್ತದೆ. ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ 1906ರಲ್ಲಿ ಒಬ್ಬ ಹೆಂಗಸಿನ ಮೆದುಳಿನಲ್ಲಿ ಎರಡು ಬಗೆಯ ಕಸ ಕಂಡರು. ನರಕೋಶಗಳ ಹೊರಗೆ ಚುಕ್ಕೆ ಚುಕ್ಕೆಯಾಗಿ ಕೂತದ್ದು ಒಂದು. ಅದು ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಣುಕು, ಅದರ ಉಂಡೆಗೆ ಪ್ಲೇಕ್ ಎನ್ನುತ್ತಾರೆ. ಕೋಶದ ಒಳಗೆ ನೂಲು ಸಿಕ್ಕಾದ ಹಾಗೆ ಕಾಣುವುದು ಇನ್ನೊಂದು. ಅದು ಟಾವ್ ಎಂಬ ಪ್ರೋಟೀನು. ಸಾಮಾನ್ಯವಾಗಿ ಪ್ಲೇಕ್ ಮೊದಲು ಸೇರುತ್ತದೆ, ನೆನಪು ಕೆಡುವುದಕ್ಕೆ ಹತ್ತು ಹದಿನೈದು ವರ್ಷ ಮುಂಚೆಯೇ. ಟಾವ್ ಸಿಕ್ಕು ನೆನಪಿನ ಜಾಗಗಳಿಂದ ಆಚೆಗೆ ಹರಡತೊಡಗಿದಾಗ ಮನುಷ್ಯ ತಡವರಿಸತೊಡಗುತ್ತಾನೆ.

ಕಸ ಬಿದ್ದರೆ ಕಾಯಿಲೆ, ಹೆಚ್ಚು ಬಿದ್ದರೆ ಹೆಚ್ಚು ಕಾಯಿಲೆ. ಲೆಕ್ಕ ಹೀಗೆ ಸರಳವಾಗಿದ್ದಿದ್ದರೆ ನಾನು ಇಲ್ಲಿ ಬಂದು ಮಾತಾಡುವ ಅಗತ್ಯವೇ ಇರಲಿಲ್ಲ.

ಆ ಅಜ್ಜಿ ಒಬ್ಬರೇ ಹೀಗೆ ಎಂದುಕೊಳ್ಳಬೇಡಿ. 1988ರಲ್ಲಿ ರಾಬರ್ಟ್ ಕಾಟ್ಸ್‌ಮನ್ ಮತ್ತು ಸಂಗಡಿಗರು ಒಂದು ವೃದ್ಧಾಶ್ರಮದ 137 ಮಂದಿಯ ಮೆದುಳುಗಳ ವರದಿ ಬರೆದರು. ಅದರಲ್ಲಿ ಹತ್ತು ಮಂದಿಗೆ ಬದುಕಿದ್ದಾಗ ಬುದ್ಧಿ ಸರಿಯಾಗೇ ಇತ್ತು, ಮೆದುಳಲ್ಲಿ ಮಾತ್ರ ಆಲ್‌ಝೈಮರ್ ಗುರುತುಗಳು ತುಂಬಿದ್ದವು. ಆ ಹತ್ತು ಮೆದುಳುಗಳ ತೂಕವೂ ಹೆಚ್ಚಿತ್ತು, ದೊಡ್ಡ ನರಕೋಶಗಳೂ ಹೆಚ್ಚಿದ್ದವು. ಆಮೇಲೆ ನಡೆದ ದೊಡ್ಡ ಅಧ್ಯಯನಗಳಲ್ಲೂ ಇದೇ ಕಂಡಿತು. ಮರೆಗುಳಿತನ ಇಲ್ಲದೆ ಸತ್ತ ವಯಸ್ಸಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮೆದುಳು, ಸೂಕ್ಷ್ಮದರ್ಶಕದ ಕಣ್ಣಿಗೆ, ಕಾಯಿಲೆಯ ಮೆದುಳೇ. ಇದೇನೂ ಅಪರೂಪದ ಪವಾಡ ಅಲ್ಲ ಅಲ್ವಾ? ನಮ್ಮ ನಡುವೆಯೇ ಓಡಾಡಿಕೊಂಡಿರುವವರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ನೆದರ್ಲೆಂಡ್ಸಿನ ಹೆಂಡ್ರಿಕ್ಯೆ ಫಾನ್ ಆಂಡೆಲ್ ಎಂಬ ಹಿರಿಯರು 2005ರಲ್ಲಿ 115ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬುದ್ಧಿಯೂ ಚೆನ್ನಾಗಿತ್ತು. ಆದರೆ ಅವರ ಮೆದುಳಲ್ಲಿ ಕಸವೇ ಹೆಚ್ಚುಕಡಿಮೆ ಇರಲಿಲ್ಲ. ಇವರದು ತಡೆ. ಮಳೆ ಬಂತು, ಮನೆಯೊಳಗೆ ನೀರೇ ಬರಲಿಲ್ಲ. ನಮ್ಮ ಸನ್ಯಾಸಿನಿಯದು ತಾಳಿಕೆ. ಮೊಣಕಾಲುದ್ದ ನೀರು ಬಂತು, ಮನೆ ಬೀಳಲಿಲ್ಲ. ಎರಡೂ ಬೇರೆ ಬೇರೆ ವಿದ್ಯೆ. ನಾನು ಇವತ್ತು ಮಾತಾಡುವುದು ಎರಡನೆಯದರ ಬಗ್ಗೆ: ನೀರು ಒಳಗೆ ಬಂದ ಮೇಲೂ ನಿಂತ ಗೋಡೆಯಲ್ಲಿ ಏನಿತ್ತು?

ಅದನ್ನು ನೋಡುವ ಒಂದು ದಾರಿ ಜೀನ್‌ಗಳ ಅಭಿವ್ಯಕ್ತಿ. ಈ ಪದ ಕೇಳಿದರೆ ನಾಟಕದ ವಿಮರ್ಶೆ ಓದಿದ ಹಾಗಿರುತ್ತದೆ. ಆದರೆ ವಿಷಯ ಕಷ್ಟದ್ದಲ್ಲ. ಹಾರ್ಮೋನಿಯಂ ನೆನೆಸಿಕೊಳ್ಳಿ. ಎಲ್ಲ ಹಾರ್ಮೋನಿಯಂಗಳಲ್ಲೂ ಮನೆಗಳು ಅವೇ. ಯಾವ ಮನೆಯನ್ನು ಎಷ್ಟು ಹೊತ್ತು ಒತ್ತುತ್ತೀರಿ ಎಂಬುದರ ಮೇಲೆ ರಾಗ ಬೇರೆ ಬೇರೆ. ನಿಮ್ಮ ಚರ್ಮದ ಕೋಶದಲ್ಲೂ ನರಕೋಶದಲ್ಲೂ ಅದೇ ಸುಮಾರು 20,000 ಪ್ರೋಟೀನ್ ಜೀನ್‌ಗಳಿವೆ. ಒಂದು ಕೋಶ ಕೆಲವನ್ನು ಒತ್ತುತ್ತದೆ, ಇನ್ನೊಂದು ಬೇರೆ ಕೆಲವನ್ನು. ಒತ್ತಿದಾಗಲೆಲ್ಲ ಆ ಜೀನ್‌ನ ಒಂದು ನಕಲು ಹೊರಬೀಳುತ್ತದೆ. ಅದೇ ಆರ್‌ಎನ್‌ಎ. ಆ ನಕಲುಗಳನ್ನು ಎಣಿಸಿದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತು ಅಂತ ತಿಳಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಒಂದು ಮನೆಯ ನಾದವೇ ಹುಟ್ಟಿನಿಂದ ಸ್ವಲ್ಪ ಬೇರೆಯಾಗಿರಬಹುದು. ಅದು ಜೀನ್‌ನ ರೂಪಭೇದ. ಅದೇ ಮನೆಯನ್ನು ಹೆಚ್ಚು ಅಥವಾ ಕಡಿಮೆ ಒತ್ತುವುದು ಅಭಿವ್ಯಕ್ತಿ. ಹುಟ್ಟಿನಿಂದ ಬಂದದ್ದು ಬದಲಾಗುವುದಿಲ್ಲ. ಒತ್ತುವುದು ದಿನದಿನಕ್ಕೂ ಬದಲಾಗುತ್ತದೆ. ಔಷಧಿ ಮಾಡುವವರಿಗೆ ಎರಡನೆಯದರ ಮೇಲೆ ಆಸೆ ಜಾಸ್ತಿ ಯಾಕೆ ಅಂತ ನಿಮಗೇ ಹೊಳೆಯುತ್ತದೆ.

ಸರಿ, ಬದುಕಿರುವವರ ಮೆದುಳಿನಿಂದ ಚೂರು ತೆಗೆಯಲಾಗದು. ಸತ್ತವರದನ್ನೇ ನೋಡಬೇಕು. ಆರ್‌ಎನ್‌ಎ ತುಂಬಾ ಸೂಕ್ಷ್ಮ, ಬೇಗ ಹಾಳಾಗುತ್ತದೆ. ಅದಕ್ಕೆ ಮೆದುಳು ಬ್ಯಾಂಕುಗಳಿವೆ. ನೆದರ್ಲೆಂಡ್ಸಿನದು 1985ರಲ್ಲಿ ಶುರುವಾಯಿತು. ದಾನಿ ತೀರಿಕೊಂಡ ಕೆಲವೇ ಗಂಟೆಗಳಲ್ಲಿ, ಅದು ನಡುರಾತ್ರಿಯೇ ಇರಲಿ, ತಂಡ ಕೆಲಸಕ್ಕಿಳಿಯುತ್ತದೆ. ಶಿಕಾಗೋದ ರಶ್ ವಿಶ್ವವಿದ್ಯಾಲಯದವರು 1994ರಿಂದ ಸನ್ಯಾಸಿಗಳು, ಸನ್ಯಾಸಿನಿಯರು, ಪಾದ್ರಿಗಳನ್ನು, 1997ರಿಂದ ಸಾಮಾನ್ಯ ಜನರನ್ನೂ ಸೇರಿಸಿಕೊಂಡು ಇಂಥದ್ದೇ ಕೆಲಸ ಮಾಡುತ್ತಿದ್ದಾರೆ. ಅಲ್ಲಿ ಒಂದು ವಿಶೇಷ ಇದೆ. ದಾನಿಗಳಿಗೆ ಬದುಕಿರುವಷ್ಟು ವರ್ಷವೂ ವರ್ಷಕ್ಕೊಂದು ಸಲ ನೆನಪಿನ ಪರೀಕ್ಷೆ ಮಾಡುತ್ತಾರೆ. ಇದು ಇಲ್ಲದಿದ್ದರೆ ಯಾರು ತಾಳಿದವರು, ಯಾರು ಸೋತವರು ಅಂತ ಹೇಳುವುದೇ ಸಾಧ್ಯವಿಲ್ಲ. ಮೆದುಳು ಫ್ರೀಜರಿನಲ್ಲಿದ್ದರೆ ಸಾಲದು, ಅದರ ಜೊತೆ ಆ ಮನುಷ್ಯನ ಕಥೆಯೂ ಇರಬೇಕು.

ಮೊದಲೆಲ್ಲ ಮಾಡುತ್ತಿದ್ದದ್ದು ಹೀಗೆ: ಮೆದುಳಿನ ಒಂದು ಚೂರು ತೆಗೆದು, ಅರೆದು, ಎಲ್ಲ ಕೋಶಗಳ ಆರ್‌ಎನ್‌ಎಯನ್ನು ಒಟ್ಟಿಗೆ ಎಣಿಸುವುದು. ಇದರಲ್ಲಿ ಒಂದು ದೊಡ್ಡ ಮೋಸವಿದೆ. ನೂರು ಹಾರ್ಮೋನಿಯಂ ಒಟ್ಟಿಗೆ ನುಡಿಯುವ ಸಭಾಂಗಣದ ಹೊರಗೆ ನಿಂತಿದ್ದೀರಿ ಅಂದುಕೊಳ್ಳಿ. ಒಂದು ಸ್ವರ ಕುಗ್ಗಿತು. ಎಲ್ಲರೂ ಆ ಮನೆಯನ್ನು ಮೆಲ್ಲಗೆ ಒತ್ತಿದರಾ? ಅಥವಾ ಅದನ್ನು ನುಡಿಸುತ್ತಿದ್ದವರು ಎದ್ದು ಹೋದರಾ? ಹೊರಗಿನಿಂದ ಗೊತ್ತಾಗುವುದಿಲ್ಲ. ಆಲ್‌ಝೈಮರ್‌ನಲ್ಲಿ ನರಕೋಶಗಳು ಸಾಯುತ್ತವೆ. ಅವು ಸತ್ತರೆ ನರಕೋಶದ ಜೀನ್‌ಗಳೆಲ್ಲ ಕುಗ್ಗಿದ ಹಾಗೆ ಕಾಣುತ್ತದೆ. ಉಳಿದ ಕೋಶಗಳ ಜೀನ್‌ಗಳು ಏರಿದ ಹಾಗೆ ಕಾಣುತ್ತವೆ. ನಿಜವಾಗಿ ಒಂದೂ ಕೋಶ ತನ್ನ ರಾಗ ಬದಲಿಸಿರಬೇಕಾಗಿಲ್ಲ! ಎಷ್ಟು ವರದಿಗಳು ಈ ಗುಂಡಿಗೆ ಬಿದ್ದಿವೆಯೋ. ನಾನಂತೂ ಹಳೆಯ ಪಟ್ಟಿಗಳನ್ನು ಓದುವಾಗ ಪ್ರತಿ ಸಾಲಿಗೂ ಒಂದು ಚಿಟಿಕೆ ಅನುಮಾನ ಸೇರಿಸಿಕೊಂಡೇ ಓದುತ್ತೇನೆ.

ಈಗ ಸಭಾಂಗಣದ ಒಳಗೇ ಹೋಗಬಹುದು. ಒಂದೊಂದೇ ಕೋಶದ ಆರ್‌ಎನ್‌ಎಯನ್ನು ಬೇರೆ ಬೇರೆಯಾಗಿ ಎಣಿಸುವ ವಿಧಾನ ಬಂದಿದೆ. ಹೆಪ್ಪುಗಟ್ಟಿಸಿಟ್ಟ ಮೆದುಳಿನಿಂದ ಇಡೀ ನರಕೋಶವನ್ನು ಹೊರತೆಗೆಯಲು ಆಗುವುದಿಲ್ಲ, ಅದರ ಬಾಲ, ಕೊಂಬೆಗಳೆಲ್ಲ ಹರಿದುಹೋಗುತ್ತವೆ. ಹಾಗಾಗಿ ಕೋಶದ ಬೀಜವನ್ನಷ್ಟೇ, ಅಂದರೆ ನ್ಯೂಕ್ಲಿಯಸ್ಸನ್ನಷ್ಟೇ, ತೆಗೆಯುತ್ತಾರೆ. 2019ರಲ್ಲಿ ಬಂದ ಮೊದಲ ದೊಡ್ಡ ವರದಿಯಲ್ಲಿ 48 ಜನರ ಸುಮಾರು 80,000 ನ್ಯೂಕ್ಲಿಯಸ್ಸುಗಳಿದ್ದವು. 2023ರ ವರದಿಯಲ್ಲಿ 427 ಜನ, 23 ಲಕ್ಷ ನ್ಯೂಕ್ಲಿಯಸ್ಸು. ನಾಲ್ಕೇ ವರ್ಷದಲ್ಲಿ! ಎರಡೂ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲೀ-ಹ್ವೇ ತ್ಸಾಯ್, ಮನೋಲಿಸ್ ಕೆಲ್ಲಿಸ್ ಮತ್ತು ಸಂಗಡಿಗರ ಕೆಲಸ. ಮೆದುಳುಗಳು ನಾನು ಹೇಳಿದ ಶಿಕಾಗೋ ಅಧ್ಯಯನದವು.

ಹಾಗಾದರೆ ಒಳಗೆ ಏನು ಕೇಳಿಸಿತು?

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸಿದ ಸುಳಿವು ಮೊದಲು. ಮೆದುಳಿನಲ್ಲಿ ಎರಡು ಬಗೆಯ ನರಕೋಶಗಳಿವೆ. ಒಂದು ಪಕ್ಕದ ಕೋಶವನ್ನು ಕೆಣಕುತ್ತದೆ. ಇನ್ನೊಂದು ಸುಮ್ಮನಿರಿಸುತ್ತದೆ. ಒಂದು ಆಕ್ಸಿಲರೇಟರ್, ಒಂದು ಬ್ರೇಕು. 2023ರ ವರದಿಯಲ್ಲಿ ಬುದ್ಧಿ ಚುರುಕಾಗಿ ಉಳಿದವರಲ್ಲಿ, ಕಸ ತುಂಬಿದ್ದೂ ತಾಳಿದವರಲ್ಲಿ, ಕೆಲವು ಬಗೆಯ ಬ್ರೇಕಿನ ಕೋಶಗಳು ಹೆಚ್ಚು ಉಳಿದುಕೊಂಡಿದ್ದವು. ಸೊಮ್ಯಾಟೋಸ್ಟಾಟಿನ್ ಎಂಬ ಪ್ರೋಟೀನ್ ಮಾಡುವವು ಒಂದು ಗುಂಪು. ರೀಲಿನ್ ಎಂಬ ಪ್ರೋಟೀನ್ ಮಾಡುವವು ಇನ್ನೊಂದು. ರೀಲಿನ್ ಎಂಬ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಅದು ಇನ್ನೊಂದು ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ.

ಬ್ರೇಕು ಯಾಕೆ ಮುಖ್ಯ? ಆಲ್‌ಝೈಮರ್ ಇರುವವರಲ್ಲಿ ಫಿಟ್ಸ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅಂದರೆ ಮೆದುಳು ಬರೀ ಮಂಕಾಗುತ್ತಿಲ್ಲ, ಕೆಲವು ಕಡೆ ಅತಿಯಾಗಿ ಕೆರಳುತ್ತಿದೆ. ಇದಕ್ಕೆ ತಾಳೆಯಾಗುವ ಇನ್ನೆರಡು ಸಂಗತಿಗಳಿವೆ. ಹಾರ್ವರ್ಡಿನ ಬ್ರೂಸ್ ಯಾಂಕ್ನರ್ ತಂಡ 2014ರಲ್ಲಿ ರೆಸ್ಟ್ ಎಂಬ ಪ್ರೋಟೀನಿನ ಬಗ್ಗೆ ಬರೆಯಿತು. ಹೆಸರೇ ವಿಶ್ರಾಂತಿ ಅಂತ ಕೇಳಿಸುತ್ತದೆ, ಕೆಲಸವೂ ಸ್ವಲ್ಪ ಹಾಗೇ. ಅದು ಬೇರೆ ಹಲವು ಜೀನ್‌ಗಳ ಬಾಯಿ ಮುಚ್ಚಿಸುವ ಪ್ರೋಟೀನು. ವಯಸ್ಸಾದ ಆರೋಗ್ಯವಂತ ನರಕೋಶಗಳಲ್ಲಿ ಇದು ಏರುತ್ತದೆ, ಆಲ್‌ಝೈಮರ್‌ನಲ್ಲಿ ಕುಸಿಯುತ್ತದೆ. ಕಸವಿದ್ದೂ ನೆನಪು ಉಳಿದವರಲ್ಲಿ ಇದು ಚೆನ್ನಾಗಿತ್ತು. 2019ರಲ್ಲಿ ಅದೇ ತಂಡ ಇನ್ನೊಂದು ಮಾತು ಸೇರಿಸಿತು: ತುಂಬಾ ವರ್ಷ ಬದುಕಿದವರ ಮೆದುಳಿನಲ್ಲಿ, ನರಕೋಶಗಳನ್ನು ಕೆರಳಿಸುವ ಜೀನ್‌ಗಳ ಕೆಲಸ ಕಡಿಮೆ. ಎರಡನೆಯದು ಮೆಫ್2ಸಿ ಎಂಬ ಜೀನ್. 2021ರಲ್ಲಿ ತ್ಸಾಯ್ ಅವರ ತಂಡವೇ ಇದರ ಬಗ್ಗೆ ಬರೆಯಿತು. ತಾಳಿದವರ ಮೆದುಳಿನಲ್ಲಿ ಈ ಕುಟುಂಬದ ಜೀನ್‌ಗಳು ಹೆಚ್ಚು ಚುರುಕಾಗಿದ್ದವು.

ಮೆಫ್2 ವಿಷಯದಲ್ಲಿ ಬರೀ ಸತ್ತ ಮೆದುಳಿನ ಎಣಿಕೆಗೆ ನಿಲ್ಲಲಿಲ್ಲ ಅವರು. ಇಲಿಗಳನ್ನು ಎರಡು ಥರದ ಗೂಡಿನಲ್ಲಿ ಬೆಳೆಸಿದರು. ಒಂದು ಖಾಲಿ ಗೂಡು. ಇನ್ನೊಂದರಲ್ಲಿ ಆಟದ ಸಾಮಾನು, ಓಡುವ ಚಕ್ರ. ಎರಡನೆಯ ಗೂಡಿನ ಇಲಿಗಳು ಚೆನ್ನಾಗಿ ಕಲಿತವು, ಮೆಫ್2 ಕೂಡ ಚುರುಕಾಯಿತು. ಮೆದುಳಿನ ಮುಂಭಾಗದಲ್ಲಿ ಈ ಜೀನನ್ನೇ ತೆಗೆದುಹಾಕಿದ ಇಲಿಗಳಿಗೆ ಆಟದ ಸಾಮಾನಿನಿಂದ ಏನೂ ಲಾಭವಾಗಲಿಲ್ಲ. ಅವುಗಳ ನರಕೋಶಗಳು ಅತಿಯಾಗಿ ಕೆರಳುತ್ತಿದ್ದವು. ಟಾವ್ ಕಾಯಿಲೆಯ ಇಲಿಗಳಲ್ಲಿ ಮೆಫ್2 ಹೆಚ್ಚು ಮಾಡಿದಾಗ ಆ ಕೆರಳಿಕೆ ಇಳಿಯಿತು. ಹೆಚ್ಚು ಓದಿದವರಿಗೆ, ಸದಾ ಏನಾದರೂ ಕಲಿಯುವವರಿಗೆ ಮರೆಗುಳಿತನ ತಡವಾಗಿ ಕಾಣಿಸಿಕೊಳ್ಳುತ್ತದೆ ಅಂತ ಬಹಳ ವರ್ಷಗಳಿಂದ ಕೇಳುತ್ತಿದ್ದೇವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೊವ್ ಸ್ಟರ್ನ್ ಅದನ್ನು ಬುದ್ಧಿಯ ಮೀಸಲು ನಿಧಿ ಎಂಬ ಅರ್ಥದಲ್ಲಿ ವಿವರಿಸಿದವರು. ಆ ನಿಧಿಯನ್ನು ಎಲ್ಲಿ ಇಟ್ಟಿರುತ್ತೇವೆ ಅಂತ ಕೇಳಿದರೆ ಉತ್ತರ ಇರಲಿಲ್ಲ. ಬ್ಯಾಂಕಿನ ಹೆಸರು ಗೊತ್ತು, ಖಾತೆ ನಂಬರ್ ಗೊತ್ತಿಲ್ಲ ಅನ್ನುವ ಹಾಗೆ. ಮೆಫ್2 ಒಂದು ಖಾತೆ ನಂಬರ್ ಇದ್ದಂತೆ ಕಾಣುತ್ತದೆ. ಇಲಿಯ ಖಾತೆ, ಇರಲಿ.

ಈಗ ಡಚ್ಚರ ಕಡೆ ಬರೋಣ. ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ತಮ್ಮ ಮೆದುಳು ಬ್ಯಾಂಕಿನಲ್ಲಿ ಹುಡುಕಿ, ಕಸ ತುಂಬಿದ್ದೂ ನೆನಪು ಕೆಡದ ಒಂದು ಸಣ್ಣ ಗುಂಪನ್ನು ಆರಿಸಿದರು. 2024ರಲ್ಲಿ ಅವರ ವರದಿ ಬಂತು. ತಾಳಿದವರಲ್ಲಿ ಎರಡು ಬಗೆಯ ಜೀನ್‌ಗಳು ಹೆಚ್ಚು ಕೆಲಸ ಮಾಡುತ್ತಿದ್ದವು. ಒಂದು ಮೈಟೋಕಾಂಡ್ರಿಯಾದವು, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಭಾಗದವು. ದೇಹದ ತೂಕದಲ್ಲಿ ಎರಡು ಪರ್ಸೆಂಟ್ ಇರುವ ಮೆದುಳು ಒಟ್ಟು ಶಕ್ತಿಯಲ್ಲಿ ಸುಮಾರು 20 ಪರ್ಸೆಂಟ್ ತಿನ್ನುತ್ತದೆ, ಹಾಗಾಗಿ ಇದು ಅರ್ಥವಾಗುತ್ತದೆ. ಇನ್ನೊಂದು ಮೆಟಲೋಥಯೋನಿನ್. ಇದು ಸತು, ತಾಮ್ರದಂಥ ಲೋಹಗಳನ್ನು ಹಿಡಿದಿಟ್ಟುಕೊಳ್ಳುವ ಪುಟ್ಟ ಪ್ರೋಟೀನು. ಮೆದುಳಿನಲ್ಲಿ ಇದನ್ನು ಹೆಚ್ಚಾಗಿ ಮಾಡುವುದು ಆಸ್ಟ್ರೋಸೈಟ್‌ಗಳು. ಅವು ನರಕೋಶಗಳನ್ನು ಸಾಕಿ ಸಲಹುವ ನಕ್ಷತ್ರದಾಕಾರದ ಕೋಶಗಳು. ಪ್ಲೇಕ್‌ಗಳ ಒಳಗೆ ಸತು, ತಾಮ್ರ ಸೇರಿಕೊಂಡಿರುತ್ತವೆ. ಬಿಡಿಯಾಗಿ ಅಲೆಯುವ ತಾಮ್ರ ಕೋಶಕ್ಕೆ ಒಳ್ಳೆಯದಲ್ಲ. ಅದನ್ನು ಹಿಡಿದು ಕೂರಿಸುವವರು ಇದ್ದರೆ ಹಾನಿ ಕಡಿಮೆ. ಮಡಿಕೆ ತಪ್ಪಿದ ಪ್ರೋಟೀನುಗಳು ಸೇರಿದಾಗ ಕೋಶದೊಳಗೆ ಒಂದು ತುರ್ತು ಗಂಟೆ ಹೊಡೆದುಕೊಳ್ಳುತ್ತದೆ. ತಾಳಿದವರಲ್ಲಿ ಆ ಗದ್ದಲ ಕಾಣಲಿಲ್ಲ.

ಗದ್ದಲ ಅಂದೆ. 2013ರಲ್ಲೇ ಬಾಸ್ಟನ್ನಿನ ಒಂದು ತಂಡ ಇದನ್ನು ಬೇರೆ ರೀತಿಯಲ್ಲಿ ಕಂಡಿತ್ತು. ಪ್ಲೇಕ್, ಸಿಕ್ಕು ಎರಡೂ ಒಂದೇ ಪ್ರಮಾಣದಲ್ಲಿದ್ದ ಮೆದುಳುಗಳನ್ನು ಹೋಲಿಸಿದರು. ನೆನಪು ಕಳೆದುಕೊಂಡವರಲ್ಲಿ ಮೆದುಳಿನ ಕಾವಲು ಕೋಶಗಳು, ಅಂದರೆ ಮೈಕ್ರೋಗ್ಲಿಯಾ, ಮತ್ತು ಆಸ್ಟ್ರೋಸೈಟ್‌ಗಳು ಊದಿಕೊಂಡು ಕೆರಳಿದ್ದವು. ತಾಳಿದವರಲ್ಲಿ ಅವು ಬಹುಮಟ್ಟಿಗೆ ತಣ್ಣಗಿದ್ದವು. ನರಕೋಶಗಳು ಕೈಕೈ ಹಿಡಿಯುವ ಜಾಗಗಳು, ಅಂದರೆ ಸಿನಾಪ್ಸ್‌ಗಳು, ಉಳಿದಿದ್ದವು. ನೆನಪಿಗೆ ಬೇಕಾದದ್ದು ಅವೇ ತಾನೆ.

ಇನ್ನು ರೀಲಿನ್ ಮತ್ತೆ ಒಳಗೆ ಬರುವ ಬಾಗಿಲು. ಇದು ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿದೆ.

ಅಲ್ಲಿನ ಆಂಟಿಯೋಕಿಯಾ ಪ್ರಾಂತ್ಯದಲ್ಲಿ ಒಂದು ದೊಡ್ಡ ಬಳಗವಿದೆ, ಸುಮಾರು 6,000 ಜನ. ಅವರಲ್ಲಿ ಸುಮಾರು 1,200 ಮಂದಿಗೆ ಪ್ರೆಸೆನಿಲಿನ್ 1 ಎಂಬ ಜೀನಿನಲ್ಲಿ ಒಂದೇ ಅಕ್ಷರ ತಪ್ಪಿದೆ. ಆ ತಪ್ಪು ಇದ್ದವರಿಗೆ ಸುಮಾರು 44ನೇ ವಯಸ್ಸಿಗೆ ನೆನಪು ಕೈಕೊಡಲು ಶುರು, 49ರ ಹೊತ್ತಿಗೆ ಪೂರ್ಣ ಮರೆಗುಳಿತನ. ಊರವರು ಇದನ್ನು ಲಾ ಬೋಬೆರಾ ಎನ್ನುತ್ತಿದ್ದರು, ಪೆದ್ದುತನ ಎಂಬ ಅರ್ಥ. ಫ್ರಾನ್ಸಿಸ್ಕೋ ಲೊಪೆರಾ ಎಂಬ ನರವೈದ್ಯರು 1980ರ ದಶಕದಿಂದ ಈ ಬಳಗದ ಬೆನ್ನು ಹತ್ತಿದರು. ಹಳ್ಳಿಹಳ್ಳಿ ತಿರುಗಿ ವಂಶವೃಕ್ಷ ಬರೆದರು. 2024ರಲ್ಲಿ ಅವರು ತೀರಿಕೊಂಡರು.

ಆ ಬಳಗದ ಒಬ್ಬ ಹೆಂಗಸಿಗೂ ಅದೇ ತಪ್ಪು ಇತ್ತು. 44 ದಾಟಿತು, ಏನೂ ಆಗಲಿಲ್ಲ. 50, 60 ದಾಟಿತು. ಎಪ್ಪತ್ತು ದಾಟಿದ ಮೇಲಷ್ಟೇ ಸ್ವಲ್ಪ ಮರೆವು. ಸುಮಾರು ಮೂವತ್ತು ವರ್ಷ ತಡ! ಮೆದುಳಿನ ಸ್ಕ್ಯಾನ್ ಮಾಡಿದರೆ ಅಮಿಲಾಯ್ಡ್ ವಿಪರೀತ. ಟಾವ್ ಮಾತ್ರ ಕಡಿಮೆ. 2019ರಲ್ಲಿ ಕಾರಣ ಪ್ರಕಟವಾಯಿತು. ಆಕೆಗೆ ಅಪೋಇ ಎಂಬ ಜೀನಿನ ಒಂದು ಅಪರೂಪದ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದಿತ್ತು. ಆ ರೂಪಕ್ಕೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಹೆಸರಿದೆ. 2023ರಲ್ಲಿ ಅದೇ ಬಳಗದ ಒಬ್ಬ ಗಂಡಸಿನ ಕಥೆ ಬಂತು. ಅವರು 67ನೇ ವಯಸ್ಸಿನವರೆಗೆ ಚೆನ್ನಾಗಿದ್ದರು. ಅವರಿಗೆ ಕ್ರೈಸ್ಟ್‌ಚರ್ಚ್ ರೂಪ ಇರಲಿಲ್ಲ. ಬೇರೊಂದು ಜೀನಿನಲ್ಲಿ ಬದಲಾವಣೆ ಇತ್ತು. ಯಾವುದು ಹೇಳಿ? ರೀಲಿನ್.

ಇದನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸಿ ಮತ್ತೆ ಓದಿದೆ. ರೀಲಿನ್ ಮತ್ತು ಅಪೋಇ ಪ್ರೋಟೀನುಗಳು ಎರಡೂ ನರಕೋಶದ ಮೇಲಿನ ಒಂದೇ ಗ್ರಾಹಕಗಳಿಗೆ, ಅಂದರೆ ಹೊರಗಿನ ಸಂದೇಶ ಹಿಡಿಯುವ ಪ್ರೋಟೀನುಗಳಿಗೆ, ಅಂಟಿಕೊಳ್ಳುತ್ತವೆ. ಒಂದೇ ಬೀಗಕ್ಕೆ ಎರಡು ಕೀಲಿಕೈ ಇದ್ದಂತೆ. ರೀಲಿನ್ ಅಲ್ಲಿ ಕೂತರೆ ಒಳಗೆ ಟಾವ್ ಕೆಡುವ ಕೆಲಸ ನಿಧಾನವಾಗುತ್ತದೆ. ಆ ಗಂಡಸಿನ ರೀಲಿನ್ ಮಾಮೂಲಿಗಿಂತ ಜೋರಾಗಿ ಈ ಕೆಲಸ ಮಾಡುತ್ತಿತ್ತು. ನೆನಪಿನ ಹೆಬ್ಬಾಗಿಲು ಎನ್ನಬಹುದಾದ ಎಂಟೋರೈನಲ್ ಭಾಗದಲ್ಲಿ ಅವರ ಟಾವ್ ತೀರಾ ಕಡಿಮೆ ಇತ್ತು. ಇತ್ತ ಎಂಐಟಿಯವರು ಬೇರೆಯದೇ ಜನರ, ಬೇರೆಯದೇ ಬಗೆಯ ಆಲ್‌ಝೈಮರ್‌ನ ಮೆದುಳುಗಳಲ್ಲಿ ಬರೀ ಆರ್‌ಎನ್‌ಎ ಎಣಿಸುತ್ತಾ ಹೋಗಿ ರೀಲಿನ್ ಕೋಶಗಳ ಬಳಿ ಬಂದು ನಿಂತಿದ್ದರು. 2024ರಲ್ಲಿ ಮೆದುಳಿನ ಆರು ಭಾಗಗಳನ್ನು ನೋಡಿದಾಗ, ಎಂಟೋರೈನಲ್ ಭಾಗದಲ್ಲಿ ಮೊದಲು ಸಾಯುವ ಕೋಶಗಳಲ್ಲಿ ರೀಲಿನ್ ಮಾಡುವವೂ ಇದ್ದವು. ಒಂದು ಕಡೆ ಹುಟ್ಟಿನಿಂದ ಬಂದ ನಾದಭೇದ, ಇನ್ನೊಂದು ಕಡೆ ಒತ್ತುವ ಬಗೆ. ಎರಡೂ ಒಂದೇ ಮನೆಗೆ ಬೆರಳು ತೋರಿಸಿದವು. ವಿಜ್ಞಾನದಲ್ಲಿ ನಂಬಿಕೆ ಹುಟ್ಟುವುದು ಹೀಗೆ ಎರಡು ಬೇರೆ ದಾರಿ ಒಂದೇ ಊರು ಸೇರಿದಾಗ. ಒಂದೇ ದಾರಿಯಲ್ಲಿ ಹತ್ತು ಸಲ ಓಡಾಡಿದರೆ ಅಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕಲೇಬೇಕು.

ಸತ್ತವರ ಆರ್‌ಎನ್‌ಎ ಅಂದರೆ ಕಾದಂಬರಿಯ ಕೊನೆಯ ಪುಟ ಮಾತ್ರ. ಹಿಂದಿನ 80 ವರ್ಷ ಏನಾಯಿತು ಅದರಲ್ಲಿಲ್ಲ. ಮೆಟಲೋಥಯೋನಿನ್ ಹೆಚ್ಚಿದ್ದರಿಂದ ಮೆದುಳು ಉಳಿಯಿತಾ? ಅಥವಾ ಉಳಿದ ಮೆದುಳಿಗೆ ಅದನ್ನು ಮಾಡುವ ಶಕ್ತಿ ಇನ್ನೂ ಇತ್ತಾ? ಗಾಯವಾದಾಗಲೂ ಆಸ್ಟ್ರೋಸೈಟ್‌ಗಳು ಅದನ್ನು ಹೆಚ್ಚು ಮಾಡುತ್ತವೆ. ಬೀಜ ಮೊದಲೋ ಮರ ಮೊದಲೋ? ಬ್ರೇಕಿನ ಕೋಶಗಳದ್ದೂ ಇದೇ ಪಾಡು. ಅವು ಇದ್ದದ್ದರಿಂದ ಮನುಷ್ಯ ಚೆನ್ನಾಗಿದ್ದನೋ, ಕಾಯಿಲೆ ಇನ್ನೂ ಅವುಗಳ ತನಕ ಬಂದಿರಲಿಲ್ಲವೋ? ಹೌದು, ಇನ್ನೂ ಒಂದು ಇರುಸುಮುರುಸಿನ ಪ್ರಶ್ನೆ ಇದೆ. ತಾಳಿದವರು ಎಂದು ನಾವು ಕರೆಯುವವರು ಇನ್ನು ಐದು ವರ್ಷ ಬದುಕಿದ್ದರೆ? ಕೊಲಂಬಿಯಾದ ಆ ಹೆಂಗಸಿಗೂ ಕೊನೆಗೆ ಮರೆವು ಬಂತು. ತಾಳಿಕೆ ಅಂದರೆ ಎಷ್ಟೋ ಸಲ ತಡವಾಗುವುದು, ಅಷ್ಟೇ. ಆದರೆ ಮೂವತ್ತು ವರ್ಷದ ತಡ ಸಣ್ಣದಾ, ನೀವೇ ಹೇಳಿ.

ಇದಕ್ಕೇ ನನಗೆ ಇಲಿ ಪ್ರಯೋಗ ಜೊತೆಗಿದ್ದ ಮೆಫ್2, ಹುಟ್ಟಿನಿಂದಲೇ ಬರುವ ಕ್ರೈಸ್ಟ್‌ಚರ್ಚ್ ಮತ್ತು ರೀಲಿನ್ ಹೆಚ್ಚು ತೂಕದವು ಎನಿಸುತ್ತದೆ. ಹುಟ್ಟಿನಿಂದ ಬಂದದ್ದು ಕಾಯಿಲೆಯ ಫಲ ಆಗಲು ಸಾಧ್ಯವಿಲ್ಲ, ಅದು ಮುಂಚೆಯೇ ಇತ್ತು. 2024ರಲ್ಲಿ ಅದೇ ಬಳಗದಲ್ಲಿ ಕ್ರೈಸ್ಟ್‌ಚರ್ಚ್‌ನ ಒಂದೇ ಪ್ರತಿ ಇರುವ 27 ಜನರ ಲೆಕ್ಕ ಬಂತು. ಅವರಿಗೆ ನೆನಪು ಕೈಕೊಡಲು ಶುರುವಾದದ್ದು ಸುಮಾರು 52ಕ್ಕೆ, ಹೋಲಿಕೆಗೆ ತೆಗೆದುಕೊಂಡ, ಆ ರೂಪವಿಲ್ಲದವರಿಗೆ 47ಕ್ಕೆ (ಮೊದಲು ಹೇಳಿದ 44 ಬೇರೊಂದು ಲೆಕ್ಕದ್ದು). ಒಬ್ಬ ಹೆಂಗಸಿನ ಅದೃಷ್ಟ ಅಲ್ಲ ಅದು ಎಂದಾಯಿತು. ಉಳಿದ ಪಟ್ಟಿಗಳನ್ನು ನಾನು ಸುಳಿವು ಎಂದು ಓದುತ್ತೇನೆ, ಉತ್ತರ ಎಂದಲ್ಲ. ಇನ್ನೊಂದು ಕೊರತೆಯನ್ನೂ ಹೇಳಬೇಕು. ಮೆದುಳು ದಾನ ಮಾಡುವವರು ಸಾಮಾನ್ಯವಾಗಿ ಚೆನ್ನಾಗಿ ಓದಿದವರು, ಬಹುಪಾಲು ಬಿಳಿಯರು. ಪ್ರಪಂಚದ ಉಳಿದ ಮೆದುಳುಗಳು ಹೇಗೆ ತಾಳುತ್ತವೆ ಅನ್ನುವುದಕ್ಕೆ ಆ ಫ್ರೀಜರುಗಳಲ್ಲಿ ಉತ್ತರ ಕಮ್ಮಿ.

ಪ್ರಶ್ನೆಗಳ ಹೊತ್ತಿನಲ್ಲಿ ಬಂದ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಈಗ ಅಮಿಲಾಯ್ಡ್ ತೆಗೆಯುವ ಔಷಧಿಯೇ ಬಂದಿದೆಯಲ್ಲ, ಇದೆಲ್ಲ ಯಾಕೆ? ಬಂದಿದೆ, ನಿಜ. ಲೆಕಾನೆಮಾಬ್ ಎಂಬ ಔಷಧಿಯನ್ನು 1,795 ಜನರ ಮೇಲೆ 18 ತಿಂಗಳು ಪರೀಕ್ಷಿಸಿದರು. ಕುಸಿತದ ವೇಗ 27 ಪರ್ಸೆಂಟ್ ಕಡಿಮೆಯಾಯಿತು. ನಿಂತಿಲ್ಲ, ನಿಧಾನವಾಗಿದೆ. ಲಕ್ಷಣ ಶುರುವಾದ ಮೇಲೆ ಪ್ಲೇಕ್ ತೆಗೆಯುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅಂತ ಕೆಲವರು ವಾದಿಸುತ್ತಾರೆ. ನಾನು ಅಷ್ಟು ಕಟುವಾಗಿ ಹೇಳಲಾರೆ. ಆದರೆ ಕೊಳ್ಳೆಗಾರರು ಒಳಗೆ ಬಂದ ಮೇಲೂ ಊರು ಹೇಗೆ ಉಳಿಯಿತು ಅಂತ ನೋಡುವುದು ಬೇರೆಯದೇ ಕೆಲಸ. ಎರಡೂ ಬೇಕು.

ಇನ್ನೊಬ್ಬರ ಪ್ರಶ್ನೆ: ಸತುವಿನ ಮಾತ್ರೆ ತಗೊಂಡರೆ ಮೆಟಲೋಥಯೋನಿನ್ ಹೆಚ್ಚಾಗುತ್ತಾ? ದಯವಿಟ್ಟು ಬೇಡ. ಸತು ಅತಿಯಾದರೆ ದೇಹಕ್ಕೆ ತಾಮ್ರ ಸಿಗದೆ ರಕ್ತ, ನರ ಎರಡೂ ಕೆಡುತ್ತವೆ. ಕೊನೆಯ ಪುಟ ಓದಿ ಮಾತ್ರೆ ನುಂಗಬಾರದು. ಕಿವಿ ಕೇಳದಿದ್ದರೆ ಯಂತ್ರ ಹಾಕಿಸಿಕೊಳ್ಳಿ, ಬಿಪಿ, ಸಕ್ಕರೆ ಹತೋಟಿಯಲ್ಲಿಡಿ, ಓಡಾಡಿ, ಜನರ ಜೊತೆ ಬೆರೆಯಿರಿ. ಮರೆಗುಳಿತನ ತಡೆಯುವ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ಪಟ್ಟಿಯಲ್ಲಿ ಇಂಥ 14 ಸಂಗತಿಗಳಿವೆ. ಎಲ್ಲ ಸೇರಿದರೆ ಸುಮಾರು 45 ಪರ್ಸೆಂಟ್ ಮರೆಗುಳಿತನಕ್ಕೆ ಅವು ಸಂಬಂಧಿಸಿವೆ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರದು. "ಸಾರ್, ಈಗ ರಕ್ತ ಪರೀಕ್ಷೆಯಲ್ಲೇ ಪ್ಲೇಕ್ ಇದೆಯೋ ಇಲ್ಲವೋ ಹೇಳ್ತಾರಂತೆ. ನನಗೆ ಇದೆ ಅಂತ ಬಂತು ಅಂದ್ಕೊಳ್ಳಿ. ನೆನಪು ಮಾತ್ರ ಸರಿಯಾಗೇ ಇದೆ. ಆಗ ನನಗೆ ಕಾಯಿಲೆ ಇದೆಯೋ, ಇಲ್ಲವೋ?"

ಬಲ್ಲವರೇ ಇದರಲ್ಲಿ ಎರಡು ಬಣವಾಗಿದ್ದಾರೆ ಎಂದೆ. ಅಮೆರಿಕದ ಆಲ್‌ಝೈಮರ್ಸ್ ಅಸೋಸಿಯೇಶನ್ನಿನ ತಜ್ಞರ ತಂಡ 2024ರಲ್ಲಿ, ಗುರುತು ಇದ್ದರೆ ಕಾಯಿಲೆ ಇದ್ದಂತೆ, ಲಕ್ಷಣ ಆಮೇಲೆ ಬರಬಹುದು ಎಂದಿತು. ಅದೇ ವರ್ಷ ಇನ್ನೊಂದು ಅಂತರರಾಷ್ಟ್ರೀಯ ಗುಂಪು ಒಪ್ಪಲಿಲ್ಲ. ಲಕ್ಷಣವಿಲ್ಲದವರನ್ನು ಅಪಾಯದ ಅಂಚಿನಲ್ಲಿರುವವರು ಎನ್ನಬಹುದು, ರೋಗಿಗಳು ಎನ್ನಬಾರದು ಎಂದಿತು. ನಾನು ಎರಡನೆಯವರ ಕಡೆ. 101 ವರ್ಷದ ಆ ಸನ್ಯಾಸಿನಿಯನ್ನು ರೋಗಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

"ಹಾಗಾದ್ರೆ ಪರೀಕ್ಷೆ ಮಾಡಿಸ್ಲಾ, ಬೇಡ್ವಾ?" ಎಂದರು ಅವರು.

ನೆನಪಿನ ತೊಂದರೆ ಇಲ್ಲದಿದ್ದರೆ ಸದ್ಯಕ್ಕೆ ಬೇಡ ಎಂದೆ. ಅವರು ತಲೆ ಅಲ್ಲಾಡಿಸಿ, ತಮ್ಮ ಚೀಟಿಯಲ್ಲಿ ಏನೋ ಬರೆದುಕೊಂಡು ಕೂತರು.